ಅವಸರಪ್ಪನ ಮುಖ

ತಗಡಿನ ಡಬ್ಬಿ ಮಾಡುವ ಕಾರ್ಖಾನೆಯ ಆಫೀಸಿನಲ್ಲಿ ನಾನು ಇಪ್ಪತ್ತಾರು ವರ್ಷ ಟೈಪಿಸ್ಟ್ ಆಗಿದ್ದೆ. ನಾನು ಹೇಳಹೊರಟಿರುವುದು ಗೀಚಣ್ಣನ ಕಥೆ. ಆದರೆ ಇದರಲ್ಲಿ ಒಂದು ಪದವನ್ನು ಬೇಕೆಂದೇ ತಪ್ಪಾಗಿ ಟೈಪ್ ಮಾಡಿದವಳು ನಾನು. ಅದರ ಜಾಗ ಬಂದಾಗ ಅದನ್ನೂ ಹೇಳುತ್ತೇನೆ.

ಗೀಚಣ್ಣ ಕೂರುತ್ತಿದ್ದುದು ನಮ್ಮ ಆಫೀಸಿಗೆ ಅಂಟಿಕೊಂಡಿದ್ದ ಲೇಬಲ್ ಕೋಣೆಯಲ್ಲಿ. ಡಬ್ಬಿಗೆ ಸುತ್ತುವ ಕಾಗದದ ಮೇಲೆ ಟೊಮೆಟೊ, ಬಟಾಣಿ, ಮೀನು ಬರೆಯುವುದು ಅವರ ಕೆಲಸ. ತೆಳ್ಳಗೆ ಒಣಗಿದ ಕಡ್ಡಿಯಂಥ ಆಳು, ಐವತ್ತರ ಹತ್ತಿರ, ಮದುವೆಯಾಗಿರಲಿಲ್ಲ. ಗಂಡನನ್ನು ಕಳೆದುಕೊಂಡ ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು. ಕೈಗೆ ಸಿಕ್ಕಿದ ಕಾಗದದ ಮೇಲೆಲ್ಲ ಏನಾದರೂ ಗೀಚುತ್ತಿದ್ದರು. ನನ್ನ ಕಾರ್ಬನ್ ಹಾಳೆಯ ಹಿಂದೆ ನಮ್ಮ ಮ್ಯಾನೇಜರು ಸೀನುವ ಚಿತ್ರ ಬರೆದು ಇಟ್ಟು ಹೋಗುವರು. ಮ್ಯಾನೇಜರು ಸೀನಿದಾಗಲೆಲ್ಲ ನಾನು ನಗು ತಡೆಯಲಾರದೆ ಡ್ರಾಯರಿನೊಳಗೆ ಏನೋ ಹುಡುಕುವವಳಂತೆ ತಲೆ ಬಗ್ಗಿಸಬೇಕಾಗುತ್ತಿತ್ತು.

ಕಾರ್ಖಾನೆಯ ಗೋಡೆಗಳ ತುಂಬ ಎಚ್ಚರಿಕೆಯ ನೋಟೀಸುಗಳಿದ್ದವು. ಓದುವವರು ಒಬ್ಬರೂ ಇರಲಿಲ್ಲ. ಒಂದು ದಿನ ಸೇಫ್ಟಿ ಆಫೀಸರು ಲೇಬಲ್ ಕೋಣೆಗೆ ಬಂದು, "ರೀ ಗೀಚಣ್ಣ, ಇದನ್ನೇ ನಗು ಬರೋ ಹಾಗೆ ಚಿತ್ರ ಬರೆದು ಕೊಡ್ತೀರಾ? ಕ್ಯಾಂಟೀನ್ ಬಾಗಿಲಲ್ಲಿ ಹಾಕೋಣ. ತಿಂಗಳಿಗೆ ಒಂದು" ಎಂದರು.

"ಕೊಡ್ತೀನಿ ಸಾರ್. ಟೊಮೆಟೊಗೆ ಮುಖ ಇರಲ್ಲ. ನನಗೂ ಬೇಜಾರಾಗಿದೆ" ಎಂದರು ಗೀಚಣ್ಣ.

ಹಾಗೆ ಹುಟ್ಟಿದವನು ಅವಸರಪ್ಪ. ಉದ್ದನೆಯ ಆಳು, ಜಗ್ ಹಿಡಿಯಂಥ ಕಿವಿ, ಬಾಯಿ ತುಂಬ ಹಲ್ಲು, ಯಾವಾಗಲೂ ಒಂದು ಕಾಲು ಗಾಳಿಯಲ್ಲಿ. ಮೊದಲನೆಯ ಚಿತ್ರದಲ್ಲಿ ಅವನು ಕಣ್ಣಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದಾನೆ. ಕಣ್ಣಿನ ರಕ್ಷಣೆಗೆ ಕೊಟ್ಟ ಕನ್ನಡಕ ಒಂದು ಹಣೆಯ ಮೇಲೆ, ಇನ್ನೊಂದು ಟೋಪಿಯ ಮೇಲೆ, ಮತ್ತೊಂದು ಕತ್ತಿನಲ್ಲಿ. ಕೆಳಗೆ, "ಕನ್ನಡಕ ಹಾಕಿರಲಿಲ್ಲ ಅಂತ ಯಾರ್ರೀ ಹೇಳಿದ್ದು?" ಎರಡನೆಯದರಲ್ಲಿ ಬಲ್ಬ್ ಬದಲಿಸಲು ಹತ್ತಿದ್ದಾನೆ. ಏಣಿ ಪೆಟ್ಟಿಗೆಯ ಮೇಲೆ, ಪೆಟ್ಟಿಗೆ ಡ್ರಮ್ಮಿನ ಮೇಲೆ, ಡ್ರಮ್ಮು ಅವನ ಊಟದ ಡಬ್ಬಿಯ ಮೇಲೆ. "ಹೆದರಬೇಡಿ, ಡಬ್ಬಿ ನಮ್ಮ ಕಾರ್ಖಾನೆಯದ್ದೇ." ಜನ ತಟ್ಟೆ ಹಿಡಿದುಕೊಂಡೇ ನಿಂತು ನಗುತ್ತಿದ್ದರು. ಹೊಸ ಚಿತ್ರ ಬರುವ ದಿನ ಕ್ಯಾಂಟೀನಿನ ಸಾಲು ಅಂಗಳದವರೆಗೆ ಬೆಳೆಯುತ್ತಿತ್ತು.

ಮುಖ ಯಾರದೆಂದು ಎಲ್ಲರಿಗೂ ಗೊತ್ತಿತ್ತು. ನಾಲ್ಕನೇ ನಂಬರ್ ಪ್ರೆಸ್ಸಿನವನದು. ತಗಡಿನಿಂದ ಮುಚ್ಚಳ ಕತ್ತರಿಸುವ ಯಂತ್ರ ಅದು. ತಗಡು ಇಟ್ಟು ಕಾಲಿನಿಂದ ಪೆಡಲ್ ಒತ್ತಿದರೆ ಮೇಲಿನ ಅಚ್ಚು ಇಳಿಯುತ್ತದೆ. ಅಚ್ಚಿಗಿಂತ ಮೊದಲು ಒಂದು ಕಬ್ಬಿಣದ ಜಾಲರಿ ಇಳಿದು ಕೈಯನ್ನು ಆಚೆ ತಳ್ಳುತ್ತದೆ. ಅವನು ಆ ಯಂತ್ರದ ಮೇಲೆ ಆಗಲೇ ಹದಿಮೂರು ವರ್ಷ ಕೆಲಸ ಮಾಡಿದ್ದ. ಒಂದು ದಿನವೂ ಬೆರಳಿಗೆ ಬಟ್ಟೆ ಸುತ್ತಿಸಿಕೊಂಡವನಲ್ಲ. ಶಿಫ್ಟ್ ಶುರುವಾಗುವ ಮುಂಚೆ ಖಾಲಿ ಯಂತ್ರವನ್ನು ಎರಡು ಸಲ ಒತ್ತಿ ನೋಡದೆ ಅವನು ತಗಡು ಮುಟ್ಟುತ್ತಿರಲಿಲ್ಲ. ಹೊಸಬರು ಎಲ್ಲೆಲ್ಲಿ ತಪ್ಪುತ್ತಾರೆ ಎಂಬುದು ಅವನಿಗೆ ಕರತಲಾಮಲಕ. ಮಧ್ಯಾಹ್ನ ಊಟದ ಹೊತ್ತಿಗೆ ಲೇಬಲ್ ಕೋಣೆಗೆ ಬಂದು, ಆ ತಪ್ಪುಗಳನ್ನೆಲ್ಲ ಒಂದೊಂದಾಗಿ ಅಭಿನಯಿಸಿ ತೋರಿಸುತ್ತಿದ್ದ. ಅಂಗಿಯ ತುದಿ ಬೆಲ್ಟಿಗೆ ಸಿಕ್ಕಿದವನ ಕುಣಿತ, ಬಿಸಿ ಸೀಸದ ಮೇಲೆ ಕೂತವನ ಮುಖ. ನಾವು ಹೊಟ್ಟೆ ಹುಣ್ಣಾಗುವಷ್ಟು ನಗುತ್ತಿದ್ದೆವು.

"ನನ್ನ ಮುಖಾನೇ ಹಾಕಿ ಅಣ್ಣಾ. ಬೇರೆಯವರದ್ದು ಹಾಕಿದ್ರೆ ಜಗಳಕ್ಕೆ ಬರ್ತಾರೆ. ನಂಗೇನು, ಈ ಕಿವಿ ಇಟ್ಕೊಂಡು ನಾನೇನು ಮದುವೆಗೆ ಹೆಣ್ಣು ಹುಡುಕ್ಬೇಕಾ?" ಎಂದಿದ್ದ. ಅವನಿಗೆ ಆಗಲೇ ಹೆಂಡತಿಯೂ ಹತ್ತು ವರ್ಷದ ಮಗಳೂ ಇದ್ದರು. ಮನೆಯಲ್ಲಿ ಮುದಿ ತಾಯಿ.

ಐದು ವರ್ಷ ಹೀಗೇ ನಡೆಯಿತು. ಆರನೆಯ ವರ್ಷ ಮುಚ್ಚಳಗಳಿಗೆ ಬೇಡಿಕೆ ಏರಿತು. ಜಾಲರಿ ಇಳಿದು ಏಳುವಷ್ಟರಲ್ಲಿ ಹೊತ್ತು ಹೋಗುತ್ತದೆಂದು ಪ್ರೆಸ್ ವಿಭಾಗದ ಸೂಪರ್‌ವೈಸರ್ ನಾಲ್ಕನೇ ನಂಬರಿನ ಜಾಲರಿ ಬಿಚ್ಚಿಸಿ ತನ್ನ ಬೀರುವಿನಲ್ಲಿ ಇಟ್ಟುಬಿಟ್ಟ. ಪ್ರೆಸ್ಸಿನವನು ಎರಡು ಸಲ ಹೋಗಿ ಕೇಳಿದ. "ಹದಿನೆಂಟು ವರ್ಷದ ಅನುಭವ ನಿಂದು, ನಿಂಗ್ಯಾಕಯ್ಯಾ ಜಾಲರಿ?" ಎಂದು ಬೆನ್ನು ತಟ್ಟಿ ಕಳಿಸಿದನಂತೆ. ಅವನು ಊಟದ ಹೊತ್ತಿಗೆ ಬಂದು ಇದನ್ನೂ ಅಭಿನಯಿಸಿದ. ಆ ದಿನ ಯಾರೂ ಅಷ್ಟಾಗಿ ನಗಲಿಲ್ಲ. "ಇದನ್ನ ಬರೀರಿ ಅಣ್ಣಾ. ನಾನು ಬಾಯಲ್ಲಿ ಹೇಳಿದ್ರೆ ಕೇಳಲ್ಲ. ನಿಮ್ಮ ಚಿತ್ರವಾದ್ರೆ ದೊಡ್ಡೋರೂ ನೋಡ್ತಾರೆ" ಎಂದ.

ಗೀಚಣ್ಣ ಬರೆದರು. ಸೂಪರ್‌ವೈಸರಿನ ಬೀರು. ಅದರ ಮುರಿದ ಹಿಡಿಗೆ ತಂತಿ ಸುತ್ತಿದ್ದರು, ಅದೂ ಚಿತ್ರದಲ್ಲಿ ಹಾಗೆಯೇ ಇತ್ತು. ಗಾಜಿನ ಹಿಂದೆ ಜಾಲರಿ. ಬೀರುವಿಗಿಂತ ದೊಡ್ಡ ಬೀಗ. ಬೀಗದ ಕೈಯನ್ನು ಎದೆಗೆ ಅವಚಿಕೊಂಡು ನಿಂತ ಸೂಪರ್‌ವೈಸರ್ ಹೇಳುತ್ತಿದ್ದಾನೆ, "ಜಾಲರಿ ತುಂಬಾ ಸುರಕ್ಷಿತವಾಗಿದೆ."

ಸೇಫ್ಟಿ ಆಫೀಸರು ಅದನ್ನು ನೋಡಿ ಗಟ್ಟಿಯಾಗಿ ನಕ್ಕದ್ದು ನನ್ನ ಮೇಜಿಗೂ ಕೇಳಿಸಿತು. ಆಮೇಲೆ ಸದ್ದಿಲ್ಲ. ಕೆಟ್ಟ ಮನುಷ್ಯರಲ್ಲ ಅವರು, ಹೆದರಿದ ಮನುಷ್ಯರು. ಹಾಳೆಯ ಅಂಚಿನಲ್ಲಿ ನೀಲಿ ಪೆನ್ಸಿಲ್ಲಿನಿಂದ ಬರೆದರು: "ಸೂಪರ್‌ವೈಸರ್ ಬೇಡ. ಜಾಲರಿಯನ್ನು ಅವಸರಪ್ಪನೇ ತೆಗೆದ ಹಾಗೆ ಮಾಡಿ." ಕೆಳಗೆ ಸಹಿ, ತಾರೀಖು.

ಗೀಚಣ್ಣ ಎರಡು ದಿನ ಬರೀ ಟೊಮೆಟೊ ಬರೆದರು. ಮೂರನೆಯ ದಿನ ಹೊಸದೊಂದು ಬರೆದುಕೊಟ್ಟರು. ಅವಸರಪ್ಪ ಜಾಲರಿ ಕಿತ್ತು ಗೋಡೆಗೆ ಒರಗಿಸಿ, ಅದರ ಮೇಲೆ ತೊಯ್ದ ಕಾಲುಚೀಲ ಹರವಿ, ಹಲ್ಲು ಕಿರಿದುಕೊಂಡು ಬರಿಗಾಲಲ್ಲಿ ಪೆಡಲ್ ಒತ್ತುತ್ತಿದ್ದಾನೆ. "ಜಾಲರಿ ಇರೋದೇ ಗಾಳಿ ಆಡೋಕೆ!" ಕೆಳಗೆ ದಪ್ಪ ಅಕ್ಷರದಲ್ಲಿ, "ಆತುರಗಾರನಿಗೆ ಬುದ್ಧಿ ಮಟ್ಟ." ಅಷ್ಟು ನಗಿಸಿದ ಚಿತ್ರವನ್ನು ಅವರು ಅದುವರೆಗೆ ಬರೆದಿರಲಿಲ್ಲ. ಪ್ರೆಸ್ಸಿನವನು ಕ್ಯಾಂಟೀನ್ ಬಾಗಿಲಲ್ಲಿ ಅದರ ಮುಂದೆ ಸ್ವಲ್ಪ ಹೊತ್ತು ನಿಂತು, ಲೇಬಲ್ ಕೋಣೆಗೆ ಬಾರದೆ ಹಾಗೇ ಯಂತ್ರಕ್ಕೆ ಹೋದ.

ಎರಡು ತಿಂಗಳಾಗಿತ್ತು. ಪ್ರೆಸ್ಸುಗಳ ಸದ್ದಿಗೆ ನಮ್ಮ ಕಿವಿ ಎಷ್ಟು ಒಗ್ಗಿತ್ತೆಂದರೆ ಅದು ನಿಂತರಷ್ಟೇ ನಮಗೆ ಕೇಳಿಸುತ್ತಿತ್ತು. ಆ ಮಧ್ಯಾಹ್ನ ಊಟ ಮುಗಿದ ಅರ್ಧ ಗಂಟೆಗೆ ಅದು ನಿಂತಿತು. ಎಲ್ಲ ಯಂತ್ರಗಳೂ ಒಟ್ಟಿಗೆ. ಒಂದು ಸಲ ಒತ್ತಿದ ಪೆಡಲಿಗೆ ನಾಲ್ಕನೇ ನಂಬರಿನ ಅಚ್ಚು ಎರಡು ಸಲ ಇಳಿದಿತ್ತು. ಕತ್ತರಿಸಿದ ಮುಚ್ಚಳ ತೆಗೆಯಲು ಹೋಗಿದ್ದ ಪ್ರೆಸ್ಸಿನವನ ಬಲಗೈಯ ನಾಲ್ಕು ಬೆರಳು ಬುಡದಿಂದ ಹೋದವು. ಹೆಬ್ಬೆರಳು ಉಳಿಯಿತು.

ನಾಲ್ಕನೆಯ ದಿನ ನಾನೂ ಗೀಚಣ್ಣನೂ ಆಸ್ಪತ್ರೆಗೆ ಹೋದೆವು. ಅವನ ಮುಖ ಸುಣ್ಣದಂತಾಗಿತ್ತು. ಕೈಯ ಜಾಗದಲ್ಲಿ ಬಿಳಿಯ ಗಂಟು. ಗೀಚಣ್ಣನನ್ನು ನೋಡಿ, "ಇದನ್ನೂ ಬರೀತೀರಾ ಅಣ್ಣಾ?" ಎಂದ. ತಮಾಷೆಗೆ ಅಂದನೋ, ಚುಚ್ಚಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೀಚಣ್ಣ ತಂದಿದ್ದ ಹಣ್ಣನ್ನು ಮಂಚದ ಪಕ್ಕ ಇಟ್ಟು, ಅವನ ಎಡಗೈ ಮುಟ್ಟಿ ಹೊರಗೆ ಬಂದರು.

ಮೂರು ವಾರಕ್ಕೆ ಕಾರ್ಖಾನೆಯೊಳಗೇ ವಿಚಾರಣೆ ನಡೆಯಿತು. ವಿಚಾರಣೆ ಅಧಿಕಾರಿ ನಮ್ಮ ಮ್ಯಾನೇಜರೇ. ಬರೆದುಕೊಳ್ಳಲು ನಾನು. ಗೀಚಣ್ಣನನ್ನು ಕರೆಸಿ ಮೇಜಿನ ಮೇಲೆ ಕಾಲುಚೀಲದ ಚಿತ್ರ ಇಟ್ಟಿದ್ದರು.

"ಈ ಚಿತ್ರದಲ್ಲಿರೋದು ಯಾರ ಮುಖ?"

"ಅವನದ್ದೇ ಸಾರ್."

"ಇಂಥ ಐಡಿಯಾ ಎಲ್ಲ ನಿಮಗೆ ಎಲ್ಲಿಂದ ಬರ್ತಿತ್ತು?"

"ಅವನೇ ಮಾಡಿ ತೋರಿಸ್ತಿದ್ದ ಸಾರ್."

"ಅಂದ್ರೆ, ಇವನ್ನೆಲ್ಲ ಅವನು ಮಾಡ್ತಿದ್ದ."

"ಮಾಡಿ ತೋರಿಸ್ತಿದ್ದ ಸಾರ್. ನಗ್ಸೋಕೆ..."

"ಸರಿ ಸರಿ. 'ಮಾಡ್ತಿದ್ದ' ಅಂತ ಹಾಕಮ್ಮ."

ನಾನು "ಮಾಡುತ್ತಿದ್ದ" ಎಂದು ಟೈಪ್ ಮಾಡಿದೆ. ಬೆರಳು ಒಂದು ಕ್ಷಣ ನಿಂತದ್ದು ನಿಜ. ಮ್ಯಾನೇಜರು ನನ್ನ ಕಡೆ ನೋಡಿದರು. ನಾನು ಮುಂದಿನ ಸಾಲಿಗೆ ಹೋದೆ. ಬೀರುವಿನ ಚಿತ್ರದ ಬಗ್ಗೆ ಯಾರೂ ಕೇಳಲಿಲ್ಲ, ಗೀಚಣ್ಣ ತುಟಿ ಪಿಟಕ್ಕೆನ್ನಲಿಲ್ಲ. ಹಾಳೆಯನ್ನು ಕೊಟ್ಟಾಗ ಎರಡು ಸಲ ಓದಿದರು. ಸಹಿ ಹಾಕಿದರು.

ವರದಿ ಬಂತು: ಕೆಲಸಗಾರನ ಸ್ವಂತ ಅಜಾಗರೂಕತೆ. ಯೂನಿಯನ್ನಿನವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು, ಅಲ್ಲಿ ತಾರೀಖಿನ ಮೇಲೆ ತಾರೀಖು. ಅಷ್ಟರಲ್ಲಿ ಎಲ್ಲರೂ ಅವನನ್ನು ಅವಸರಪ್ಪ ಎಂದೇ ಕರೆಯತೊಡಗಿದ್ದರು, ಬೆನ್ನ ಹಿಂದೆ. ಕೈ ಹೋದದ್ದಕ್ಕೆ ಯಾರಿಗೂ ಆಶ್ಚರ್ಯವಿರಲಿಲ್ಲ. ಚಿತ್ರದಲ್ಲಿ ಮೊದಲೇ ನೋಡಿಬಿಟ್ಟಿದ್ದರಲ್ಲ. ಗೀಚಣ್ಣ ಮತ್ತೆ ಟೊಮೆಟೊ ಬರೆಯುತ್ತಿದ್ದರು. ಹೊಸ ಚಿತ್ರ ಕೇಳಿದರೆ ಕಣ್ಣು ಮಂಜಾಗಿದೆ ಎನ್ನುತ್ತಿದ್ದರು. ನಾನು ಒಮ್ಮೆ ಬೀರುವಿನ ಚಿತ್ರದ ಮಾತೆತ್ತಿದಾಗ, "ಕೇಳಿದ್ರೆ ಹೇಳ್ತಿದ್ದೆ ತಂಗಿ. ಕೇಳ್ಲಿಲ್ವಲ್ಲ" ಎಂದರು. ಆ ನೆಪ ನನಗೂ ಅನುಕೂಲವಾಗಿತ್ತು.

ಎಂಟು ತಿಂಗಳ ಮೇಲೆ, ಪ್ರೆಸ್ಸಿನವನ ಸಾಮಾನಿನ ಪೆಟ್ಟಿಗೆ ಖಾಲಿ ಮಾಡಿಕೊಂಡು ಹೋಗಿ ಎಂದು ಕಾರ್ಖಾನೆಯಿಂದ ಕಾಗದ ಹೋಯಿತು. ಅವನ ಹೆಂಡತಿ ಬಂದಳು. ಒಂದು ಜೊತೆ ಬೂಟು, ಅಂಗಿ, ಬಾಚಣಿಗೆಯನ್ನು ಚೀಲಕ್ಕೆ ತುಂಬಿಕೊಂಡು ಹೊರಟವಳು ಕ್ಯಾಂಟೀನ್ ಬಾಗಿಲಲ್ಲಿ ನಿಂತಳು. ವಿಚಾರಣೆ ಮುಗಿದ ಮೇಲೆ ಕಾಲುಚೀಲದ ಚಿತ್ರವನ್ನು ಮತ್ತೆ ಅಲ್ಲೇ ಹಾಕಿದ್ದರು. ಹೊಸದು ಬಾರದ್ದರಿಂದ ಹಳೆಯದನ್ನು ಯಾರೂ ತೆಗೆದಿರಲಿಲ್ಲ. ಆಕೆ ಚೀಲ ಕೆಳಗಿಟ್ಟು ನಾಲ್ಕೂ ಪಿನ್ನು ಕಿತ್ತು ಚಿತ್ರವನ್ನು ಸುರುಳಿ ಸುತ್ತಿದಳು. ಗೇಟಿನ ಕಾವಲುಗಾರ ಬಂದು, "ಅದು ಕಂಪನಿ ಸಾಮಾನು ಕಣಮ್ಮ, ಒಯ್ಯಂಗಿಲ್ಲ" ಎಂದ. ಆಕೆ ವಾದ ಮಾಡಲಿಲ್ಲ. ಸುರುಳಿ ಬಿಚ್ಚಿ, ಒಂದೊಂದೇ ಪಿನ್ನು ಮೊದಲಿನ ತೂತಿಗೇ ಚುಚ್ಚಿ, ಗಂಡನ ಮುಖವನ್ನು ಮತ್ತೆ ಅಲ್ಲೇ ಹಾಕಿ ಹೋದಳು. ಲೇಬಲ್ ಕೋಣೆಯ ಕಿಟಕಿಯಲ್ಲಿ ಗೀಚಣ್ಣ ನಿಂತಿದ್ದರು. ನನ್ನ ಕಿಟಕಿಯಲ್ಲಿ ನಾನು.

ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಅವರ ಅಕ್ಕ ನನಗೆ ಎಷ್ಟೋ ಕಾಲದ ಮೇಲೆ ಹೇಳಿದರು. ತಮ್ಮ ಬಂದು ಅಂಗಿಯನ್ನೂ ಬಿಚ್ಚದೆ ಗೋಡೆಗೆ ಒರಗಿ ಕೂತು, ಮೊದಲಿಂದ ಕೊನೆಯವರೆಗೆ ಒಪ್ಪಿಸಿದರಂತೆ. ಅಕ್ಕನ ಕೈ ಕೆಲಸ ನಿಂತಿತಂತೆ.

"ಆ ಬೀರುವಿನ ಚಿತ್ರ ಎಲ್ಲಿ?"

"ಮನೆಗೆ ತಂದಿದ್ದೆ. ಆಮೇಲೆ ಎಲ್ಲಿ ಹೋಯ್ತೋ."

"ಎಲ್ಲಿ ಹೋಗುತ್ತೆ! ನೀನು ಬೇಡ ಅಂತ ಬಿಟ್ಟ ಹಾಳೆಗಳೆಲ್ಲ ಎಲ್ಲಿ ಹೋಗ್ತವೆ ಅಂದ್ಕೊಂಡಿದ್ದೀಯ?"

ಅಕ್ಕ ಆ ಹಾಳೆಗಳನ್ನು ಅಡುಗೆಮನೆಯ ಕಪಾಟಿಗೆ ಹಾಸುತ್ತಿದ್ದರು. ಇಬ್ಬರೂ ಸೇರಿ ಪಾತ್ರೆಗಳನ್ನೆಲ್ಲ ಕೆಳಗಿಳಿಸಿದರು. ಮೂರನೆಯ ಹಲಗೆಯ ಮೇಲೆ ಎಣ್ಣೆ ಡಬ್ಬದ ಅಡಿ ಸಿಕ್ಕಿತು. ಡಬ್ಬದ ದುಂಡು ಗುರುತು ಸೂಪರ್‌ವೈಸರಿನ ಹೊಟ್ಟೆಯ ಮೇಲೆ ಬಿದ್ದಿತ್ತು. ನೀಲಿ ಪೆನ್ಸಿಲ್ಲಿನ ಅಕ್ಷರಗಳು ಹಾಗೇ ಇದ್ದವು.

"ನಿವೃತ್ತಿಗೆ ಎರಡೇ ವರ್ಷ ಅಕ್ಕಾ" ಎಂದರಂತೆ ಗೀಚಣ್ಣ.

"ಗೊತ್ತು."

"ಮನೆ ನಡೀಬೇಕಲ್ಲ."

"ನಡೆಯುತ್ತೆ, ಇಲ್ಲ ನಿಲ್ಲುತ್ತೆ. ನೀನು ಅವನ ಹೆಂಡ್ತಿ ಪಿನ್ನು ಚುಚ್ಚೋದನ್ನ ನೋಡ್ಕೊಂಡು ನಿಂತಿದ್ದೆ ಅಂತ ನಂಗೆ ಯಾಕೆ ಹೇಳ್ದೆ? ನಾನು ಸಮಾಧಾನ ಮಾಡ್ಲಿ ಅಂತಲಾ? ನನ್ನ ಕೈಲಾಗಲ್ಲ ಕಣೋ."

ಮಾರನೆಯ ಬೆಳಿಗ್ಗೆ ಗೀಚಣ್ಣ ಆ ಹಾಳೆಯನ್ನು ಯೂನಿಯನ್ ಕಾರ್ಯದರ್ಶಿಗೆ ಕೊಟ್ಟು ಬಂದರು.

ನ್ಯಾಯಾಲಯದಲ್ಲಿ ಅವರ ಸಾಕ್ಷಿಯ ಸರದಿ ಬಂದದ್ದು ಮತ್ತೆ ನಾಲ್ಕು ತಿಂಗಳಿಗೆ. ನಾನು ರಜೆ ಹಾಕಿ ಹೋಗಿ ಕಡೆಯ ಬೆಂಚಿನಲ್ಲಿ ಕೂತೆ. ಸಣ್ಣ ಕೋಣೆ. ಪ್ರೆಸ್ಸಿನವನು ಮುಂದಿನ ಬೆಂಚಿನಲ್ಲಿ, ಬಲಗೈಯನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಕೂತಿದ್ದ. ಕಂಪನಿಯ ವಕೀಲರು ಅವಸರಪ್ಪನ ಚಿತ್ರಗಳನ್ನೆಲ್ಲ ಕಟ್ಟಾಗಿ ತಂದಿದ್ದರು. ನ್ಯಾಯಾಧೀಶರು ಚಿತ್ರಗಳನ್ನು ಒಂದೊಂದಾಗಿ ಎತ್ತಿ, "ಇದು ಹೇಗೆ ಹೊಳೀತು? ಇದು?" ಎಂದು ಕೇಳುತ್ತ ಹೋದರು. ಗೀಚಣ್ಣ ಹೇಳುತ್ತ ಹೋದರು. ಕನ್ನಡಕದ್ದು ಇಂಥ ದಿನ, ಹೊಸಬನೊಬ್ಬನನ್ನು ನೋಡಿ ಇವನು ನಟಿಸಿದ್ದು. ಏಣಿಯದ್ದು ಬಣ್ಣ ಬಳಿಯಲು ಬಂದವರನ್ನು ನೋಡಿ ಇವನು ಹೇಳಿದ್ದು. "ಯಾವುದೂ ಇವನು ಮಾಡಿದ ತಪ್ಪಲ್ಲ ಸ್ವಾಮಿ. ಇವನು ತಡೆದ ತಪ್ಪುಗಳು." ಊಟದ ಡಬ್ಬಿಯ ಚಿತ್ರ ಬಂದಾಗ ಗುಮಾಸ್ತೆಯೊಬ್ಬಳಿಗೆ ನಗು ತಡೆಯಲಾಗಲಿಲ್ಲ. ಅದನ್ನು ಕೇಳಿ ಪ್ರೆಸ್ಸಿನವನೂ ನಕ್ಕ, ಹಳೆಯ ಹಾಗೆ, ಹಲ್ಲೆಲ್ಲ ಬಿಟ್ಟು. ನಗುತ್ತ ಬಾಯಿಗೆ ಅಡ್ಡ ಹಿಡಿಯಲು ಕೈ ಜೇಬಿನಿಂದ ಹೊರಗೆ ಬಂತು. ಬಂದದ್ದನ್ನು ಎಲ್ಲರೂ ನೋಡಿದರು.

ಆಮೇಲೆ ಎಣ್ಣೆಯ ಗುರುತಿನ ಹಾಳೆ ಮುಂದೆ ಬಂತು. ಕಂಪನಿಯ ವಕೀಲರು ಎದ್ದರು.

"ವ್ಯಂಗ್ಯಚಿತ್ರ ಅಂದ್ರೆ ಇದ್ದದ್ದನ್ನ ಹಿಗ್ಗಿಸಿ ಬರೆಯೋದು, ಅಲ್ವೇ?"

"ಹೌದು."

"ಹಾಗಾದ್ರೆ ಈ ಬೀರು, ಬೀಗ, ಇದೂ ಹಿಗ್ಗಿಸಿದ್ದೇ?"

"ಬೀಗ ಹಿಗ್ಗಿಸಿದ್ದು. ಅವನ ಕಿವೀನೂ ಹಿಗ್ಗಿಸಿದ್ದು. ಬೀರು ಇದ್ದ ಹಾಗೇ ಬರ್ದಿದ್ದೀನಿ. ಹಿಡಿಗೆ ಸುತ್ತಿದ ತಂತಿ ಈಗ್ಲೂ ಅಲ್ಲೇ ಇದೆ, ಹೋಗಿ ನೋಡ್ಬಹುದು. ಜಾಲರಿ ಅದರೊಳಗೇ ಇತ್ತು."

"ವಿಚಾರಣೆಯಲ್ಲಿ 'ಮಾಡುತ್ತಿದ್ದ' ಅಂತ ಹೇಳಿದ್ದೀರಿ."

"'ಮಾಡಿ ತೋರಿಸ್ತಿದ್ದ' ಅಂದಿದ್ದೆ."

"ಸಹಿ ನಿಮ್ಮದೇ. ಓದದೆ ಹಾಕಿದ್ರಾ?"

ಗೀಚಣ್ಣ ಓದಲಿಲ್ಲ ಎಂದಿದ್ದರೆ ಯಾರೂ ಕೇಳುವವರಿರಲಿಲ್ಲ. "ಓದೇ ಹಾಕಿದೆ. ಎರಡು ಸಲ ಓದಿದೆ. ಹೆದರಿಕೆ ಇತ್ತು" ಎಂದರು. ಟೈಪ್ ಮಾಡಿದ್ದು ಯಾರೆಂದು ಅವರು ಹೇಳಲಿಲ್ಲ. ನಾನು ತಲೆ ತಗ್ಗಿಸಿ ಕೂತಿದ್ದೆ. ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ತೀರ್ಪು ಬಂದದ್ದು ಮತ್ತೆ ಎರಡು ತಿಂಗಳಿಗೆ. ತಪ್ಪು ಕಂಪನಿಯದು, ಕೆಲಸಗಾರನದಲ್ಲ. ಪರಿಹಾರ ಕೊಡಬೇಕು, ಕೂತು ಮಾಡುವ ಕೆಲಸಕ್ಕೆ ಅವನನ್ನು ಮರಳಿ ತೆಗೆದುಕೊಳ್ಳಬೇಕು. ಜನ ಅವನ ಬೆನ್ನು ತಟ್ಟಿದರು. ಗೀಚಣ್ಣ ದೂರದಲ್ಲಿ, ನ್ಯಾಯಾಲಯದ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ನನ್ನ ಹೊರತು ಎಲ್ಲರೂ ಹೋದ ಮೇಲೆ ಅವನೇ ಅವರ ಹತ್ತಿರ ಬಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ.

"ನಮ್ಮಮ್ಮ ಹೋಗಿಬಿಟ್ಳು ಅಣ್ಣಾ. ಕೈ ಹೋದ ಐದನೇ ತಿಂಗಳಿಗೆ."

"ಗೊತ್ತಿರ್ಲಿಲ್ವೋ."

"ನಾನೂ ಯಾರಿಗೂ ಹೇಳ್ಲಿಲ್ಲ. ಆ ಚಿತ್ರದ ವಿಷಯ ಯಾರೋ ಅವಳ ಕಿವಿಗೆ ಹಾಕಿದ್ರು. ನಾನೇ ಜಾಲರಿ ಕಿತ್ತು ಕಾಲುಚೀಲ ಒಣಗ್ಸಿದ್ದೆ ಅಂತ. ಇಲ್ಲಮ್ಮಾ ಅಂತ ನೂರು ಸಲ ಹೇಳ್ದೆ. ಹೂಂ ಅಂತಿದ್ಳು. ಕೊನೇ ದಿನಾನೂ ನನ್ನ ಈ ಕೈ ಹಿಡ್ಕೊಂಡು, 'ಒಂಚೂರು ನಿಧಾನ ಇದ್ದಿದ್ರೆ ಮಗಾ' ಅಂದ್ಳು."

ಗೀಚಣ್ಣ ಜಗಲಿಯ ಮೆಟ್ಟಿಲ ಮೇಲೆ ಕೂತರು. ಅವನು ಅವರನ್ನು ಎಬ್ಬಿಸಲಿಲ್ಲ, ಬಿಟ್ಟು ಹೋಗಲೂ ಇಲ್ಲ. ಬಸ್ಸು ಬರುವವರೆಗೆ ಪಕ್ಕದಲ್ಲಿ ನಿಂತಿದ್ದ.

ಕಂಪನಿ ಗೀಚಣ್ಣನನ್ನು ಲೇಬಲ್ ಕೋಣೆಯಿಂದ ಎತ್ತಿ ರಟ್ಟಿನ ಪೆಟ್ಟಿಗೆಗಳ ಗೋದಾಮಿಗೆ ಹಾಕಿತು. ಅಂಟಿನ ವಾಸನೆ, ರಟ್ಟಿನ ಧೂಳು. ಉಳಿದ ದಿನಗಳನ್ನು ಅಲ್ಲಿ ಕೆಮ್ಮುತ್ತ ಕಳೆದು ನಿವೃತ್ತರಾದರು. ಸೇಫ್ಟಿ ಆಫೀಸರು ಕೆಲಸ ಬಿಟ್ಟು ಬೇರೆ ಊರಿಗೆ ಹೋದರು. ಸೂಪರ್‌ವೈಸರ್ ಅಲ್ಲೇ ಉಳಿದ.

ಪ್ರೆಸ್ಸಿನವನಿಗೆ ಹಾಜರಿ ಬರೆಯುವ ಕೆಲಸ ಕೊಟ್ಟರು. ಎಡಗೈಯಲ್ಲಿ ಬರೆಯುವುದನ್ನು ಮಗಳು ಕಲಿಸಿದಳು. ನಿವೃತ್ತಿಯ ನಂತರವೂ ಗೀಚಣ್ಣ ವಾರಕ್ಕೊಮ್ಮೆ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಬಳಿ ಬರುತ್ತಿದ್ದರು. ಇಬ್ಬರೂ ಬಸ್ ನಿಲ್ದಾಣದವರೆಗೆ ನಡೆದುಹೋಗುವರು. ಏನು ಮಾತಾಡುತ್ತಿದ್ದರೋ. ನಾನು ನೋಡಿದಾಗಲೆಲ್ಲ ಸುಮ್ಮನೆ ನಡೆಯುತ್ತಿದ್ದರು. ಒಮ್ಮೆ ಧೈರ್ಯ ಮಾಡಿ ಅವನ ಮೇಜಿನ ಮುಂದೆ ನಿಂತು, ಆ ಪದ ಟೈಪ್ ಮಾಡಿದವಳು ನಾನು ಎಂದು ಹೇಳಿದೆ. "ಗೊತ್ತಮ್ಮ. ಆವತ್ತು ಟೈಪ್ ಮಾಡೋಕೆ ಇನ್ಯಾರಿದ್ರು?" ಎಂದು ರಿಜಿಸ್ಟರಿನ ಹಾಳೆ ತಿರುಗಿಸಿದ.

ಗೀಚಣ್ಣನ ಶ್ವಾಸಕೋಶ ಸೋತದ್ದು ಅದಾಗಿ ನಾಲ್ಕು ವರ್ಷಕ್ಕೆ. ಕೊನೆಯ ವಾರ ಆಸ್ಪತ್ರೆಯಲ್ಲಿ ಅಕ್ಕ ಒಂದು ಕಡೆ ಕೂತರೆ, ಅವನು ಕೆಲಸ ಮುಗಿಸಿ ಬಂದು ಇನ್ನೊಂದು ಕಡೆ ಕೂರುತ್ತಿದ್ದ. ಎಡಗೈಯಲ್ಲಿ ಲೋಟ ಹಿಡಿದು ನೀರು ಕುಡಿಸುತ್ತಿದ್ದ. ಒಂದು ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ ಉಸಿರು ನಿಂತಿತು.

ಮಣ್ಣು ಮಾಡಿ ಹಿಂದಿರುಗುವಾಗ ಅವನು ನನ್ನ ಜೊತೆ ನಡೆಯುತ್ತಿದ್ದ. ದಾರಿಯ ಅರ್ಧಕ್ಕೆ ಬಂದ ಮೇಲೆ ಮಾತಾಡಿದ.

"ಅಣ್ಣ ದಿನಾ ನನ್ನ ಮುಖ ನೋಡ್ತಿದ್ರು. 'ಆಯ್ತು ಬಿಡಿ, ಅದೆಲ್ಲ ಮುಗೀತು' ಅಂತ ನಾನು ಒಂದು ಮಾತು ಅಂದ್ರೆ ಸಾಕು ಅಂತ ಕಾಯ್ತಿದ್ರು. ನಂಗೂ ಗೊತ್ತಿತ್ತು. ದಿನಾ ಅದನ್ನೇ ಹೇಳ್ಬೇಕು ಅಂದ್ಕೊಂಡೇ ಹೋಗ್ತಿದ್ದೆ."

"ಹೇಳಿದ್ಯಾ?"

"ಇಲ್ಲ. ಬಾಯಿ ಬರ್ಲಿಲ್ಲಮ್ಮ."

ನಾವು ನಿಲ್ದಾಣ ತಲುಪಿದೆವು. ಬಸ್ಸು ಬಂತು, ಅವನು ಹತ್ತಿದ.